ರಕ್ತದ ಸ್ಲೈಡು ಎಂಬ ಸೊಗಸು

ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಇನ್ನೊಂದು ಸ್ಲೈಡನ್ನು ಓರೆಯಾಗಿ ಹಿಡಿದು ಒಂದೇ ಉಸಿರಿಗೆ ಮುಂದೆ ತಳ್ಳಬೇಕು. ಕೈ ತಡವರಿಸಿತೋ, ಲೇಪ ಕೆಟ್ಟಿತು. ಪಳಗಿದ ಲ್ಯಾಬ್ ಟೆಕ್ನಿಷಿಯನ್ ಎಳೆದ ಲೇಪದ ತುದಿ ಹಕ್ಕಿಗರಿಯಂತೆ ತೆಳುವಾಗಿರುತ್ತದೆ. ಲೀಶ್ಮನ್ ಬಣ್ಣ ಹಾಕಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಾಲುಗುಲಾಬಿ ಹಿನ್ನೆಲೆಯಲ್ಲಿ ಬಿಳಿ ರಕ್ತಕಣಗಳ ನೇರಳೆ ಬೀಜಕೇಂದ್ರಗಳು ಕಾಣುತ್ತವೆ. ಅವುಗಳಲ್ಲಿ ನ್ಯೂಟ್ರೋಫಿಲ್‌ನದು ಹೋಳುಹೋಳಾದ ಬೀಜಕೇಂದ್ರ, ಲಿಂಫೋಸೈಟ್‌ನದು ದುಂಡಗೆ, ಗಾಢ. ಕಣಗಳನ್ನು ಬಣ್ಣದಿಂದಲೇ ಬೇರ್ಪಡಿಸುವ ಈ ಹಾದಿ ತೆರೆದವರು ಜರ್ಮನಿಯ ಪಾಲ್ ಎರ್ಲಿಕ್. 1908ರಲ್ಲಿ ಅವರಿಗೆ ನೊಬೆಲ್ ಬಂತು.

ನೂರು ಬಿಳಿಕಣ ಎಣಿಸಿ, ಯಾವ ಬಗೆ ಎಷ್ಟೆಂದು ಬರೆಯುವ ಲೆಕ್ಕವನ್ನು ಈಗ ಹೆಚ್ಚಾಗಿ ಯಂತ್ರವೇ ಮಾಡುತ್ತದೆ. ಆದರೂ ಸಂಶಯ ಬಂದಾಗ ಸ್ಲೈಡೇ ಬೇಕು! ಈ ಎಣಿಕೆ ದೊಡ್ಡ ಕಾಯಿಲೆಗಳ ಬಗ್ಗೆಯೂ ಮಾತಾಡುತ್ತದೆ: ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದವರಲ್ಲಿ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದಿದ್ದರೆ ಬದುಕುಳಿಯುವ ಅವಧಿ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಕಾಯಿಲೆಗೆ ಮುನ್ನವೇ ರಕ್ತದ ರಕ್ಷಣಾಕಣಗಳು ಏನಾದರೂ ಸುಳಿವು ಕೊಡುತ್ತವೆಯೇ ಎಂದೂ ಸಂಶೋಧಕರು ಹುಡುಕುತ್ತಿದ್ದಾರೆ. ಇಷ್ಟು ಅಗ್ಗದ ಪರೀಕ್ಷೆಯಿಂದ ಇಷ್ಟು ಹೊರಡುವುದು ನನಗಂತೂ ಬೆರಗಿನ ವಿಷಯ.

ಹಾಗೆಂದು ನಿಮ್ಮ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಹೆಚ್ಚಿದ್ದರೆ ಗಾಬರಿ ಬೇಡ. ಸೋಂಕು, ಸ್ಟಿರಾಯ್ಡ್ ಮಾತ್ರೆಗಳಿಂದಲೂ ಅದು ಏರುತ್ತದೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಕಣ್ಣು ಹಳದಿಯಾದರೆ, ಹೊಟ್ಟೆನೋವು ಬೆನ್ನಿಗೆ ಹಬ್ಬುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.