ಮರಣಶಾಸನದಲ್ಲಿ ತಾಯಿಯ ಮನೆ

ಮನೆತನದ ಮೂಲವನ್ನು ಅರಸುವವರು ತಂದೆ, ತಾತ, ಮುತ್ತಾತ ಎಂದು ಹಿಂದೆ ಹೋಗುವುದು ವಾಡಿಕೆ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯ ಶಾಸನವೊಂದು ಬೇರೆ ದಾರಿ ಹಿಡಿಯುತ್ತದೆ. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳು. ಅವಳು ಯಾರ ಮಗಳೆಂಬುದನ್ನೂ ಕಲ್ಲು ಹೇಳುತ್ತದೆ: ತಂದೆ ದಂಡನಾಯಕ ಬಲದೇವ, ತಾಯಿ ಬಾಚಿಕಬ್ಬೆ, ಬಲದೇವನ ತಂದೆ ನಾಗವರ್ಮ. ರಾಣಿಯ ತಾಯಿಯ ಕಡೆಯ ಮೂರು ತಲೆಮಾರು ಹೀಗೆ ಒಂದು ಸಾವಿನ ನೆಪದಲ್ಲಿ ಉಳಿದುಬಂದಿದೆ.

ಇಂಥ ಶಾಸನಗಳ ಹೊಗಳಿಕೆಯನ್ನು ನಾನು ಅಷ್ಟಾಗಿ ನೆಚ್ಚುವವನಲ್ಲ. ಸತ್ತವರಲ್ಲಿ ದಾನಗುಣಕ್ಕೆ ಎಂದು ತಾನೆ ಕೊರತೆ? ಆದರೆ ಹೆಸರುಗಳ ಮಾತು ಬೇರೆ. ಬಂಧುಗಳ ಕಣ್ಣೆದುರಿಗೆ ಕೆತ್ತಿಸಿದ ನಂಟಸ್ತಿಕೆಯಲ್ಲಿ ಸುಳ್ಳಿಗೆ ಎಡೆ ಕಡಿಮೆ.

ನಮ್ಮ ಪತ್ರಿಕೆಗಳ ನಿಧನವಾರ್ತೆಯನ್ನು ಇದರ ಪಕ್ಕದಲ್ಲಿಟ್ಟು ವಾಚಕರೇ ನೋಡಲಿ. ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಒಬ್ಬ ಪುತ್ರಿ: ಎಣಿಕೆಯುಂಟು, ಹೆಸರಿಲ್ಲ. ಅಜ್ಜಿಯ ತವರನ್ನು ಪತ್ತೆಮಾಡಲು ಹೊರಟಾಗ ನನ್ನ ಕೈಗೆ ಸಿಕ್ಕಿದ್ದು ತಾತ ತೀರಿಕೊಂಡಾಗ ಅಚ್ಚಾದ ನಾಲ್ಕು ಸಾಲಿನ ಸುದ್ದಿ. ತಾತನ ಊರು, ಉದ್ಯೋಗ, ವಯಸ್ಸು ಎಲ್ಲವೂ ಅದರಲ್ಲಿದ್ದುವು. ಅಜ್ಜಿ ಬರಿಯ ‘ಪತ್ನಿ’.