ಹೊಟ್ಟೆಯೊಳಗಿನ ಬುತ್ತಿ

ಮುಂಗಾರಿನ ಮೊದಲ ಜೋರು ಮಳೆ ಸುರಿದ ಸಂಜೆ ಪುಣೆಯ ಕೋಥರೂಡದ ಬೀದಿದೀಪಗಳಿಗೆ ಮುತ್ತುವ ಈಚಲು ಹುಳುಗಳನ್ನು ಕೀಟವೀಕ್ಷಣೆಯ ಹವ್ಯಾಸಿಗಳು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ವೇತಾಳ ಟೇಕಡಿ ಹತ್ತುವವರ ಕಣ್ಣೆಲ್ಲ ಪಾತರಗಿತ್ತಿಯ ಬಣ್ಣದ ಮೇಲೆ, ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಮೇಲೆ. ಕೈಪಿಡಿಗಳೂ ರೆಕ್ಕೆ ನೋಡಿ ಹೆಸರು ಹೇಳುವುದನ್ನೇ ಕಲಿಸುತ್ತವೆ. ಹೆಸರಿಗೆ ರೆಕ್ಕೆ ಸಾಕು; ಕೀಟದ ಬದುಕು ತಿಳಿಯಬೇಕಾದರೆ ಹೊಟ್ಟೆಯ ಕಡೆ ನೋಡಬೇಕೆಂಬುದು ನನ್ನ ವಾದ. ಅದು ಎಷ್ಟು ದೂರ ಹಾರೀತು, ಅನ್ನವಿಲ್ಲದೆ ಎಷ್ಟು ದಿನ ತಡೆದೀತು, ಎಷ್ಟು ಮೊಟ್ಟೆ ಇಟ್ಟೀತು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದು ಮೊದಲೇ ಕೂಡಿಟ್ಟುಕೊಂಡ ಕೊಬ್ಬು. ಕೀಟ ಹೊಟ್ಟೆಯೊಳಗೇ ಬುತ್ತಿ ಕಟ್ಟಿಕೊಂಡು ಹೊರಡುತ್ತದೆ.

ರೆಕ್ಕೆ ಬಂದ ಗೆದ್ದಲಾದ ಈಚಲನ್ನೇ ಹತ್ತಿರದಿಂದ ನೋಡಿ. ನಾಲ್ಕೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಅಳತೆ. ಬುಡದಲ್ಲಿ ಮೊದಲೇ ಗುರುತು ಮಾಡಿಟ್ಟಂತೆ ಒಂದು ಗೆರೆ. ನೆಲಕ್ಕಿಳಿದ ಸ್ವಲ್ಪ ಹೊತ್ತಿಗೆಲ್ಲ ಆ ಗೆರೆಯಲ್ಲೇ ರೆಕ್ಕೆ ಕಳಚಿ ಬೀಳುತ್ತದೆ. ಆಮೇಲೆ ಹೆಣ್ಣು ಮುಂದೆ, ಗಂಡು ಅದರ ಬೆನ್ನಿಗೇ ಅಂಟಿಕೊಂಡಂತೆ ಹಿಂದೆ, ಮಣ್ಣಿನ ಸಂದು ಹುಡುಕುತ್ತ ಓಡುತ್ತವೆ. ಹಾರಾಟ ನಡೆದದ್ದು ಕೆಲವೇ ನಿಮಿಷ. ಅಷ್ಟಕ್ಕೆ ಅಷ್ಟು ದಪ್ಪ ಹೊಟ್ಟೆ ಏಕೆ? ಒಣತೂಕದ ಅರ್ಧದಷ್ಟರ ಹತ್ತಿರ ಕೊಬ್ಬೇ ಇರುವ ಗೆದ್ದಲು ಜಾತಿಗಳಿವೆ. ಕರ್ನಾಟಕದ ಹಳ್ಳಿಗಳಲ್ಲಿ ಈಚಲನ್ನು ಹುರಿದು ತಿನ್ನುವವರಿಗೆ ಇದು ಗೊತ್ತು: ಬಾಣಲೆಗೆ ಬೇರೆ ಎಣ್ಣೆ ಬೇಡ, ಅದರ ಜಿಡ್ಡೇ ಸಾಕು. ಆ ಕೊಬ್ಬು ಹಾರಾಟಕ್ಕಲ್ಲ, ಹಾರಾಟದ ನಂತರದ ದಿನಗಳಿಗೆ. ಹುತ್ತ ಕಟ್ಟುವ, ಒಳಗೆ ಅಣಬೆ ಬೆಳೆಸುವ ಗೆದ್ದಲುಗಳಲ್ಲಿ ಜೋಡಿ ಮಣ್ಣಿನೊಳಗೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೊದಲ ಕೆಲಸಗಾರರು ಬೆಳೆದು ಹೊರಗೆ ಹೋಗುವವರೆಗೆ ಹೊರಗಿನಿಂದ ಒಂದು ಚೂರೂ ಒಳಬರುವುದಿಲ್ಲ. ತಂದೆತಾಯಿಯ ಹೊಟ್ಟೆಪಾಡು, ಮೊಟ್ಟೆ, ಮರಿಗಳ ಊಟ ಎಲ್ಲವೂ ಆ ಕೊಬ್ಬಿನಿಂದ ಮತ್ತು ಇನ್ನು ಕೆಲಸವಿಲ್ಲವೆಂದು ಕರಗಿಸಿಕೊಂಡ ರೆಕ್ಕೆಯ ಸ್ನಾಯುಗಳಿಂದ ನಡೆಯಬೇಕು. ಮಳೆ ಕೊಟ್ಟದ್ದು ಮುಹೂರ್ತ ಮಾತ್ರ. ಖರ್ಚಿಗೆ ಬೇಕಾದದ್ದನ್ನು ಹುತ್ತವು ತಿಂಗಳುಗಟ್ಟಲೆ ಮೊದಲೇ ಕೂಡಿಸಿತ್ತು.

ಈ ಕೊಬ್ಬು ಇರುವ ಅಂಗಾಂಶ ಬರೀ ಉಗ್ರಾಣವಲ್ಲ. ನಮ್ಮಲ್ಲಿ ಯಕೃತ್ತು ಮಾಡುವ ಕೆಲಸಗಳಲ್ಲಿ ಹೆಚ್ಚಿನವನ್ನು ಕೀಟದಲ್ಲಿ ಇದೇ ಮಾಡುತ್ತದೆ. ಬಿಳಿ ಅಥವಾ ಹಳದಿ ಎಸಳುಗಳಂತೆ ಹೊಟ್ಟೆಯ ತುಂಬ ಹರಡಿಕೊಂಡು, ಸುತ್ತ ಹರಿಯುವ ರಕ್ತದಲ್ಲಿ ಸದಾ ತೊಯ್ದಿರುತ್ತದೆ. ಕೀಟದ ರಕ್ತದ ಸಕ್ಕರೆಯಾದ ಟ್ರೆಹಲೋಸ್, ಮೊಟ್ಟೆಗೆ ಬೇಕಾದ ಪ್ರೋಟೀನು ತಯಾರಾಗುವುದೂ ಇಲ್ಲೇ. ಕೊಬ್ಬು ಹೊರಬರುವ ಬಗೆ ಮಿಡತೆಗಳಲ್ಲಿ ಚೆನ್ನಾಗಿ ತಿಳಿದಿದೆ. ಮಿಡತೆ ಹಾರಲು ತೊಡಗಿದಾಗ ಮೊದಲು ಸುಡುವುದು ಸಕ್ಕರೆಯನ್ನು. ಸುಮಾರು ಅರ್ಧ ಗಂಟೆಯಲ್ಲಿ ಕೊಬ್ಬಿಗೆ ಹೊರಳುತ್ತದೆ. ಮಿದುಳಿನ ಹಿಂದಿನ ಪುಟ್ಟ ಗ್ರಂಥಿಯ ಹಾರ್ಮೋನೊಂದು ಇದಕ್ಕೆ ಸೂಚನೆ ಕೊಡುತ್ತದೆ. ಕೇವಲ 10 ಅಮೈನೋ ಆಮ್ಲಗಳ ಅದರ ರಚನೆ 1976ರಲ್ಲಿ ಬೆಳಕಿಗೆ ಬಂತು. ಬಿಡುಗಡೆಯಾದ ಕೊಬ್ಬನ್ನು ಲಿಪೋಫೋರಿನ್ ಎಂಬ ಪ್ರೋಟೀನು ಸ್ನಾಯುವಿಗೆ ಮುಟ್ಟಿಸಿ, ತಾನು ಕರಗದೆ ಮರಳಿ ಬಂದು ಮತ್ತೆ ತುಂಬಿಕೊಳ್ಳುತ್ತದೆ. ಹಾರುವ ಜೀವಿಗೆ ಕೊಬ್ಬೇ ಲಾಭ ಎನ್ನಲು ತೂಕದ ಲೆಕ್ಕವೊಂದೇ ಸಾಕು. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋಕ್ಯಾಲರಿ, ಸಕ್ಕರೆಯಲ್ಲಿ 4. ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಟ್ಟರೆ ಜೊತೆಗೆ ನೀರನ್ನೂ ಹೊರಬೇಕು. ಅಷ್ಟೇ ಶಕ್ತಿಗೆ ಸುಮಾರು ಎಂಟು ಪಟ್ಟು ಭಾರ. ಸಾಲದ್ದಕ್ಕೆ ಒಂದು ಗ್ರಾಂ ಕೊಬ್ಬು ಉರಿದರೆ ಒಂದು ಗ್ರಾಮಿಗಿಂತ ತುಸು ಹೆಚ್ಚೇ ನೀರು ಸಿಗುತ್ತದೆ.

ದೂರ ಪ್ರಯಾಣದ ಶ್ರೇಯಸ್ಸು ಗಾಳಿಗೆ ಸಲ್ಲಬೇಕು, ಕೊಬ್ಬಿಗಲ್ಲ ಎಂಬ ಆಕ್ಷೇಪವಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಥರೂಡದ ಮೈದಾನಗಳ ಮೇಲೆ ಗುಂಪುಗುಂಪಾಗಿ ತೇಲುವ, ಹೊನ್ನಿನ ಬಣ್ಣದ ಏರೋಪ್ಲೇನ್ ಚಿಟ್ಟೆ ಪಂಟಾಲಾ ಫ್ಲಾವೆಸೆನ್ಸ್ ಇದಕ್ಕೆ ತಕ್ಕ ಉದಾಹರಣೆ. ಭಾರತದಿಂದ ಮಾಲ್ದೀವ್ಸ್ ಮೂಲಕ ಪೂರ್ವ ಆಫ್ರಿಕಾಕ್ಕೆ ಈ ಜಾತಿ ಸಾಗರ ದಾಟುತ್ತದೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದ ಮಂಡಿಸಿದರು. ಅನುಕೂಲದ ಗಾಳಿ ಆ ವಾದದ ಮುಖ್ಯ ಭಾಗವೇ. 2021ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ದೇಹದ ಕೊಬ್ಬಿನ ಲೆಕ್ಕ ಹಾಕಿ, ಅದು ಸುಮಾರು 90 ಗಂಟೆಯ ಹಾರಾಟಕ್ಕೆ ಸಾಕು, ಬೆನ್ನ ಹಿಂದಿನ ಗಾಳಿಯಿಲ್ಲದೆ ಮಾತ್ರ ದಡ ಸೇರದು ಎಂದರು. ಅಂದರೆ ಆಕ್ಷೇಪ ಅರ್ಧ ಸರಿ. ಆದರೆ ಗಾಳಿ ಎಲ್ಲ ಕೀಟಗಳಿಗೂ ಒಂದೇ ತೆರನಾಗಿ ಬೀಸುತ್ತದೆ. ನೀರಿನ ಮೇಲೆ ದಿನಗಟ್ಟಲೆ ಬೀಳದೆ ಉಳಿಯುವುದು ಉರಿಸಲು ಏನಾದರೂ ಇರುವ ಕೀಟ ಮಾತ್ರ.

ಇನ್ನೊಂದು ಆಕ್ಷೇಪ ಜೇನಿನದು. 1962ರಿಂದ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ ಇರುವ ಪುಣೆಯಲ್ಲಿ ಅದು ಏಳಲೇಬೇಕು. ಜೇನುನೊಣ ಹಾರುವುದು ಸಕ್ಕರೆಯ ಬಲದ ಮೇಲೆ, ನಿಜ. ಆದರೆ ಅದರ ಉಗ್ರಾಣ ಮೈಯ ಹೊರಗೆ, ಗೂಡಿನ ತಟ್ಟಿಯಲ್ಲಿದೆ. ಗೂಡಿನೊಳಗೆ ಮರಿಗಳಿಗೆ ಉಣಿಸುವ ಎಳೆಯ ನೊಣಗಳು ಮೈತುಂಬ ಕೊಬ್ಬಿರುವವು. ಮಕರಂದಕ್ಕೆ ಹೊರಡುವ ಹೊತ್ತಿಗೆ ಅವೇ ಸೊರಗಿ ಹಗುರಾಗಿರುತ್ತವೆ. ಯಾವ ನೊಣ ಯಾವ ಕೆಲಸಕ್ಕೆ ಎಂಬುದೂ ಕೊಬ್ಬಿನ ಏರಿಳಿತದೊಂದಿಗೆ ಹೆಣೆದುಕೊಂಡಿದೆ. ಇದಕ್ಕೆ ಎದುರು ತುದಿಯಲ್ಲಿ ರೇಷ್ಮೆಯ ಪತಂಗವಿದೆ: ಗೂಡೊಡೆದು ಬಂದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಕೂಡುವುದು, ಮೊಟ್ಟೆಯಿಡುವುದು ಎಲ್ಲವೂ ಹುಳುವಾಗಿ ತಿಂದ ಹಿಪ್ಪುನೇರಳೆ ಸೊಪ್ಪಿನ ಗಳಿಕೆಯಲ್ಲೇ.

ಕೊಯ್ಯದೆ ಕೊಬ್ಬು ನೋಡುವುದು ಹೇಗೆ, ಇದು ಪ್ರಯೋಗಾಲಯದವರ ಕೆಲಸವಲ್ಲವೇ ಎಂದು ಹವ್ಯಾಸಿ ಕೇಳಬಹುದು. ಕೊಲ್ಲುವ ಅಗತ್ಯವಿಲ್ಲ. ರೆಕ್ಕೆ ಕಳಚಿದ ಈಚಲನ್ನು ಕೈಮಸೂರದಡಿ ಪಕ್ಕಕ್ಕೆ ಹೊರಳಿಸಿ ಹಿಡಿಯಿರಿ. ಹೊಟ್ಟೆಯ ಕಂದು ಫಲಕಗಳು ಒಂದಕ್ಕೊಂದು ದೂರ ಸರಿದು, ನಡುವಿನ ತೆಳುಪೊರೆ ಬಿಗಿದು, ಒಳಗಿನ ಬೆಣ್ಣೆಬಿಳುಪು ಹೊರಗೇ ಕಾಣುತ್ತದೆ. ನೋಡಿಯಾದ ಮೇಲೆ ಜೋಡಿಯ ಹತ್ತಿರವೇ ಹಸಿಮಣ್ಣಿನ ಮೇಲೆ ಬಿಟ್ಟುಬಿಡಿ.