ಅಸಲಿ ಚಿತ್ರ, ಹೆಸರಿಲ್ಲದ ಕೈ

ಕಲೆ ಪವಿತ್ರ, ಅದನ್ನು ಮಾರಬಾರದು ಅನ್ನುವ ಮಾತನ್ನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇವೆ. ಹೇಳುವವರು ಯಾರು? ಮಾರದಿದ್ದರೂ ಮನೆಯ ಒಲೆ ಉರಿಯುವಂಥವರು. ನಮ್ಮ ಕೇರಿಗಳಲ್ಲಿ ಕಲೆಯನ್ನು ಮಾರಿದ್ದೇ ಕಮ್ಮಿ, ಪುಕ್ಕಟೆ ಕೊಟ್ಟಿದ್ದೇ ಹೆಚ್ಚು. ಮಿಣಿ ಹೆಣೆದವನಿಗೆ, ಕೆರ ಹೊಲಿದವನಿಗೆ, ತಮಟೆಗೆ ತೊಗಲು ಬಿಗಿದವನಿಗೆ ಸುಗ್ಗಿಯಲ್ಲಿ ಕಣದ ಮೂಲೆಯಿಂದ ಒಂದಿಷ್ಟು ಆಯ ಸಿಕ್ಕಿತು. ಆಯಕ್ಕೆ ಚೌಕಾಸಿ ಇಲ್ಲ, ರಸೀದಿ ಇಲ್ಲ. ಕೊಟ್ಟವನು ಧಣಿ, ತಗೊಂಡವನು ತಲೆ ಬಗ್ಗಿಸಿದವನು. ಆದ್ದರಿಂದ ತಾನು ಮಾಡಿದ ವಸ್ತುವಿಗೆ ತಾನೇ ಬೆಲೆ ಕಟ್ಟಿ, ‘ಇಷ್ಟು ಕೊಟ್ರೆ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ’ ಅನ್ನುವುದು ನಮಗೆ ಅಪವಿತ್ರವಲ್ಲ. ಅದು ಸ್ವಾಭಿಮಾನದ ಮೊದಲ ಮಾತು.

ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ಆನ್‌ಲೈನ್ ಸಂತೆಯಲ್ಲಿ ಅಸಲಿ ಚಿತ್ರಗಳನ್ನು ಮಾರುವ ವ್ಯವಹಾರದ ಬಗ್ಗೆ ಇಲ್ಲಿ ಟೀಕೆ ಮಾಡಹೊರಟಿದ್ದೇನೆ. ಮಾರಾಟವೇ ಕೆಟ್ಟದ್ದು ಎಂಬ ಮೇಲ್ಜಾತಿಯ ಮಡಿಯಿಂದ ಬಂದ ಟೀಕೆ ಇದಲ್ಲ. ಸಂತೆ ಬೇಕು. ಆದರೆ ಆ ಸಂತೆಯಲ್ಲಿ ನಮಗೆ ಯಾವ ಮೂಲೆ ಕೊಟ್ಟಿದ್ದಾರೆ ಅನ್ನುವುದು ನನ್ನ ಪ್ರಶ್ನೆ.

ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆ ನಡೆಸುತ್ತಾ ಬಂದಿದೆ. ಕುಮಾರಕೃಪಾ ರಸ್ತೆಯ ಎರಡೂ ಬದಿಗೆ ಕಲಾವಿದರು ಚಿತ್ರ ಇಟ್ಟುಕೊಂಡು ಕೂರುತ್ತಾರೆ, ಜನ ನಡೆದು ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ. ಮನೆಗೊಂದು ಕಲಾಕೃತಿ ಎಂಬುದು ಅದರ ಘೋಷಣೆ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಅಂಜುವ ಜನಕ್ಕೂ ರಸ್ತೆಯಲ್ಲಿ ನಡೆಯಲು ಅಂಜಿಕೆ ಇಲ್ಲ. ಅದು ಸಣ್ಣ ಮಾತಲ್ಲ. 2021ರ ಜನವರಿಯಲ್ಲಿ ಕೊರೋನಾದ ಕಾರಣಕ್ಕೆ ಈ ಸಂತೆ ರಸ್ತೆ ಬಿಟ್ಟು ಆನ್‌ಲೈನಿಗೆ ಹೋಯಿತು. ಆಮೇಲೆ ಸಂತೆ ಮತ್ತೆ ರಸ್ತೆಗೆ ಬಂತು. ಆದರೆ ಚಿತ್ರವನ್ನು ಫೋನಿನಲ್ಲೇ ತೋರಿಸಿ, ಫೋನಿನಲ್ಲೇ ಮಾರಿ, ಕೊರಿಯರಿನಲ್ಲಿ ಕಳಿಸಬಹುದು ಎಂಬುದು ಸಣ್ಣ ಊರಿನ ಹುಡುಗರಿಗೂ ಆ ದಿನಗಳಲ್ಲೇ ಮನದಟ್ಟಾಯಿತು.

ದೊಡ್ಡವರಿಗೆ ಇದು ಮುಂಚೆಯೇ ಗೊತ್ತಿತ್ತು. ಮುಂಬಯಿಯ ಸ್ಯಾಫ್ರನ್‌ಆರ್ಟ್ ಸಂಸ್ಥೆ 2000ದಲ್ಲೇ ಹುಟ್ಟಿ, ಭಾರತದ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲಿ ಹರಾಜು ಹಾಕುವುದನ್ನು ರೂಢಿಗೆ ತಂದಿತು. 2023ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆಯ ಹರಾಜಿನಲ್ಲಿ ಅಮೃತಾ ಶೇರ್‌ಗಿಲ್ 1937ರಲ್ಲಿ ಬರೆದ ಒಂದು ಚಿತ್ರ 61.8 ಕೋಟಿ ರೂಪಾಯಿಗೆ ಹೋಯಿತು. ಆ ಚಿತ್ರದಲ್ಲಿ ಕೂತಿರುವವರು ಮನೆಯಂಗಳದ ಸಾಮಾನ್ಯ ಜನ. ಬಡವರು ಚಿತ್ರದ ಒಳಗೆ ಇದ್ದರೆ ಕೋಟಿ. ಚಿತ್ರದ ಹೊರಗೆ ನಿಂತು ಕುಂಚ ಹಿಡಿದರೆ ಎಷ್ಟು?

ಲೆಕ್ಕ ಹಾಕೋಣ. ಹೊಳಲ್ಕೆರೆ ತಾಲೂಕಿನ ಹೊರಕೆರೆದೇವಪುರವನ್ನೇ ತಗೊಳ್ಳಿ. ಲಕ್ಷ್ಮೀನರಸಿಂಹನ ಗುಡಿಯಿಂದ ಹೆಸರಾದ ಊರು. ಆ ಊರಿನ ಕೇರಿಯ ಒಬ್ಬ ಹುಡುಗ ಡ್ರಾಯಿಂಗ್ ಕಲಿತು, ತನ್ನ ಅವ್ವ ಅಡಿಕೆ ಸುಲಿಯುವ ಚಿತ್ರವೊಂದನ್ನು ಕ್ಯಾನ್‌ವಾಸಿನ ಮೇಲೆ ಬರೆದ ಎಂದು ಇಟ್ಟುಕೊಳ್ಳಿ. ಬೆಲೆ ಐದು ಸಾವಿರ. ಸಾಚಿ ಆರ್ಟ್ ಎಂಬ ಅಮೆರಿಕದ ದೊಡ್ಡ ಆನ್‌ಲೈನ್ ಅಂಗಡಿ ನೂರಕ್ಕೆ ನಲವತ್ತು ತನ್ನ ಪಾಲು ಹಿಡಿಯುತ್ತದೆ. ಅಲ್ಲಿಗೆ ಎರಡು ಸಾವಿರ ಹೋಯಿತು. ಉಳಿದ ಮೂರು ಸಾವಿರದಲ್ಲಿ ಬಣ್ಣ, ಬಟ್ಟೆ, ಕಟ್ಟು, ಚಿತ್ರ ಮುರುಟದಂತೆ ಕಟ್ಟುವ ರಟ್ಟಿನ ಕೊಳವೆ, ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ಹೋಗಿಬರುವ ಬಸ್ ಚಾರ್ಜು. ತಿಂಗಳುಗಟ್ಟಲೆ ಕೂತ ಕೂಲಿ ಎಲ್ಲಿ? ಎಟ್ಸಿ ಎಂಬ ಇನ್ನೊಂದು ಅಂಗಡಿ 2022ರಿಂದ ನೂರಕ್ಕೆ ಆರೂವರೆ ತಗೊಳ್ಳುತ್ತದೆ. ಕಮ್ಮಿ ಅನ್ನಿಸುತ್ತದೆ. ಆದರೆ ಚಿತ್ರ ಹೋಗಲಿ ಬಿಡಲಿ, ಅದನ್ನು ಅಂಗಡಿಯಲ್ಲಿ ಇಡುವುದಕ್ಕೂ ಅಲ್ಲಿ ಕಾಸು ಕೊಡಬೇಕು. ಹಣ ಸಾಗಿಸುವ ಖರ್ಚು ಬೇರೆ.

ದಲ್ಲಾಳಿ ಸತ್ತ ಅಂತ ಇವರು ಡಂಗುರ ಹೊಡೆದರು. ದಲ್ಲಾಳಿ ಸತ್ತಿಲ್ಲ. ಅವನ ಮುಖ ಕಾಣುವುದಿಲ್ಲ, ಅಷ್ಟೆ. ಎಪಿಎಂಸಿ ಮಂಡಿಯ ದಲ್ಲಾಳಿಯನ್ನಾದರೂ ‘ಯಾಕಣ್ಣಾ ಇಷ್ಟು ಹಿಡ್ಕಂಡೆ?’ ಅಂತ ಕೇಳಬಹುದು. ಇವನನ್ನು ಕೇಳಲು ಬಾಗಿಲೂ ಇಲ್ಲ, ಬೀದಿಯೂ ಇಲ್ಲ.

ಕಾಸಿನ ಲೆಕ್ಕ ಇಷ್ಟಾಯಿತು. ಇದಕ್ಕಿಂತ ದೊಡ್ಡ ತೊಡಕು ಕಾಗದದ್ದು. ಅಂಗಡಿಗೆ ಸೇರಲು ಪ್ಯಾನ್ ಕಾರ್ಡು ಬೇಕು, ಬ್ಯಾಂಕ್ ಖಾತೆ ಬೇಕು. ಜಿಎಸ್‌ಟಿ ಬೇಕೇ ಬೇಡವೇ ಅನ್ನುವುದು ಇನ್ನೊಂದು ಗೋಜಲು. ರಾಜ್ಯದೊಳಗೇ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಸ್ವಲ್ಪ ರಿಯಾಯಿತಿ ಸಿಕ್ಕಿದೆ. ಹೊರರಾಜ್ಯಕ್ಕೆ ಕಳಿಸುವುದಾದರೆ ಬೇರೆ ಲೆಕ್ಕ. ಇದನ್ನೆಲ್ಲ ದಾಟಿದ ಮೇಲೆ ‘ನಿಮ್ಮ ಬಗ್ಗೆ ಬರೆಯಿರಿ’ ಅನ್ನುವ ಒಂದು ಖಾಲಿ ಜಾಗ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಯಬೇಕು. ಎಲ್ಲಿ ಕಲಿತಿರಿ, ಎಲ್ಲೆಲ್ಲಿ ಪ್ರದರ್ಶನ ಮಾಡಿದ್ದೀರಿ, ಯಾವ ಬಹುಮಾನ ಬಂತು, ನಿಮ್ಮ ಚಿತ್ರದ ಹಿಂದಿನ ದರ್ಶನ ಏನು?

ಈ ಜಾಗದಲ್ಲಿ ನಮ್ಮ ಹುಡುಗ ಏನು ಬರೆಯಬೇಕು? ಅವನ ಮುಂದೆ ಎರಡು ದಾರಿ ಇಡುತ್ತಾರೆ. ಒಂದು, ಜಾತಿ ಮುಚ್ಚಿಡುವುದು. ಹೆಸರಿನ ಕೊನೆಯ ಭಾಗ ಕತ್ತರಿಸಿ, ಊರನ್ನು ‘ಬೆಂಗಳೂರು ಹತ್ತಿರ’ ಅಂತ ಮಾಡಿ, ಯಾರೂ ಅಲ್ಲದವನಾಗಿ ನಿಲ್ಲುವುದು. ಇನ್ನೊಂದು, ಜಾತಿಯನ್ನೇ ಮಾರುವುದು. ‘ತುಳಿತಕ್ಕೊಳಗಾದ ಹಳ್ಳಿಯಿಂದ ಅರಳಿದ ಪ್ರತಿಭೆ’ ಎಂದು ಬರೆದು, ಅವ್ವನ ಒಡೆದ ಹಿಮ್ಮಡಿಯನ್ನು ಚಿತ್ರದ ಜೊತೆಗೆ ಕೊಸರಾಗಿ ಕೊಡುವುದು. ಕೊಳ್ಳುವವನಿಗೆ ಒಂದು ಕತೆ ಬೇಕು. ಆ ಕತೆಯನ್ನು ಗೋಡೆಗೆ ತೂಗುಹಾಕಿ ನೆಂಟರಿಗೆ ಹೇಳಬೇಕು. ನಾಗಪುರದ ಸವಿ ಸಾವರ್ಕರ್ ಕೊರಳಿಗೆ ಮಡಕೆ ಕಟ್ಟಿಕೊಂಡ ಅಸ್ಪೃಶ್ಯನನ್ನು ಬರೆದರು. ಅದು ಕಲಾವಿದ ತಾನಾಗಿ ಆರಿಸಿಕೊಂಡ ವಸ್ತು, ನೋಡುವವನ ಎದೆಗೆ ಒದೆಯುವ ವಸ್ತು. ಬೆಲೆ ಏರಿಸಲು ಚೀಟಿಯ ಮೇಲೆ ಬರೆಯುವ ಜಾತಿ ಅದಲ್ಲ. ಎರಡಕ್ಕೂ ಇರುವ ಅಂತರ ಅರಿಯದ ಸಂತೆ ನಮ್ಮ ನೋವನ್ನೂ ಉಪ್ಪಿನಕಾಯಿಯಂತೆ ಶೀಷೆಗೆ ಹಾಕಿ ಮಾರುತ್ತದೆ.

ಹೋಗಲಿ, ಈ ಹುಡುಗನಿಗೆ ಒಂದು ಹೆಸರಾದರೂ ಇದೆ. ಹೆಸರೇ ಇಲ್ಲದೆ ಈ ಸಂತೆಗೆ ಬಂದವರ ಕತೆ ನೋಡಿ.

ಈಬೇ, ಎಟ್ಸಿಯಂಥ ಅಂಗಡಿಗಳಲ್ಲಿ ದಕ್ಷಿಣ ಭಾರತದ ಹಳೆಯ ತೊಗಲು ಗೊಂಬೆಗಳು ಮಾರಾಟಕ್ಕೆ ಬರುತ್ತವೆ. ಚೌಕಟ್ಟು ಹಾಕಿಸಿ, ಹಿಂದೆ ದೀಪ ಇಟ್ಟು ಫೋಟೋ ತೆಗೆದಿರುತ್ತಾರೆ. ಅಸಲಿ, ಕೈಯಿಂದ ಮಾಡಿದ್ದು, ಹಳೆಯದು ಅಂತ ಬರೆದಿರುತ್ತಾರೆ. ಮಾಡಿದವರು ಯಾರು ಅನ್ನುವ ಕಡೆ ಬಹುತೇಕ ಏನೂ ಇರುವುದಿಲ್ಲ, ಇದ್ದರೆ ‘ಅನಾಮಿಕ’. ಕರ್ನಾಟಕದಲ್ಲಿ ಇವನ್ನು ಮಾಡಿದವರು ಶಿಳ್ಳೇಕ್ಯಾತರು, ಕಿಳ್ಳೇಕ್ಯಾತರು. ಆಡಿನ ತೊಗಲನ್ನು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಗೆರೆ ಕೊರೆದು, ತೂತು ಹೊಡೆದು, ಬಣ್ಣ ಹಾಕಿ, ರಾತ್ರಿಯಿಡೀ ಪರದೆಯ ಹಿಂದೆ ಕುಣಿಸಿದವರು. ಮಳೆ ಹೋದಾಗ, ದನಕ್ಕೆ ರೋಗ ಬಂದಾಗ ಊರ ಜನ ಇವರನ್ನು ಕರೆದು ಆಟ ಆಡಿಸಿದರು. ಆಟ ಮುಗಿದ ಮೇಲೆ ಊರಾಚೆ ಗುಡಾರ ತೋರಿಸಿದರು. ರಾಮನನ್ನೂ ರಾವಣನನ್ನೂ ಕೈಯಲ್ಲಿ ಆಡಿಸಿದವನಿಗೆ ಊರೊಳಗೆ ಜಾಗವಿಲ್ಲ.

ಇವರ ಪಾಲಿಗೆ ಗೊಂಬೆ ಬಿಡಿ ಚಿತ್ರವಲ್ಲ. ಅದು ಒಂದು ಬಳಗ. ಒಂದು ಮನೆಯ ಗೊಂಬೆಗಳೆಲ್ಲ ಒಂದೇ ಬುಟ್ಟಿಯಲ್ಲಿ ಮಲಗಿ ಅಪ್ಪನಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬರುತ್ತವೆ. ಕಿಳ್ಳೇಕ್ಯಾತ ಹಾಸ್ಯ ಮಾಡಬೇಕಾದರೆ ಎದುರಿಗೆ ಬಂಗಾರಕ್ಕ ಇರಬೇಕು. ಬರಗಾಲದಲ್ಲಿ ಒಂದೊಂದೇ ಗೊಂಬೆ ಪುಡಿಗಾಸಿಗೆ ಹೋಯಿತು. ಬುಟ್ಟಿ ಬರಿದಾದಂತೆ ಆಟ ನಿಂತಿತು. ಆಟ ನಿಂತ ಮೇಲೆ ಗೊಂಬೆ ‘ಕಲಾಕೃತಿ’ ಆಯಿತು. ಬಂಗಾರಕ್ಕ ಒಂದು ದೇಶದ ಗೋಡೆಯ ಮೇಲೆ, ಕಿಳ್ಳೇಕ್ಯಾತ ಇನ್ನೊಂದು ದೇಶದ ಗೋಡೆಯ ಮೇಲೆ. ಇಬ್ಬರಿಗೂ ಮಾತಿಲ್ಲ.

ಇದಕ್ಕೆ ಬೇರೆ ದಾರಿಯೂ ಇತ್ತು, ನಮ್ಮವರೇ ಅದನ್ನು ತೋರಿಸಿದ್ದಾರೆ. ಹಿರಿಯೂರು ತಾಲೂಕಿನ ಹರ್ತಿಕೋಟೆಯಲ್ಲಿ ಹುಟ್ಟಿದ ಚಿತ್ರಕಾರ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿಗಳನ್ನು ಸುತ್ತಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ದುಡಿದರು. ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ತೊಗಲು ಗೊಂಬೆಗಳನ್ನು ಕೂಡಿಹಾಕಿ ಅಲ್ಲಿ ಇಟ್ಟರು, ಅವುಗಳ ಮೇಲೆ ಪುಸ್ತಕ ಬರೆದರು. ಸಂಗ್ರಹಾಲಯದ ಬಗ್ಗೆಯೂ ನಮ್ಮ ತಕರಾರು ಇದ್ದೀತು. ಆದರೂ ಅದು ಸಾರ್ವಜನಿಕ ಜಾಗ. ಶಿಳ್ಳೇಕ್ಯಾತರ ಮೊಮ್ಮಗಳು ನಾಳೆ ಅಲ್ಲಿಗೆ ಹೋಗಿ ‘ಇದು ನಮ್ಮಜ್ಜಂದು’ ಅಂತ ಬೆರಳು ಮಾಡಬಹುದು. ಲಂಡನ್ನಿನ ಮನೆಯೊಂದರ ಗೋಡೆಗೆ ಬೆರಳು ಮಾಡಲಾರಳು. ಕೊಪ್ಪಳ ಜಿಲ್ಲೆ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಮೇಲೆ ದೇಶ ಒಂದು ಹೆಸರನ್ನು ಬರೆದುಕೊಂಡಿತು. ಬರೆದುಕೊಳ್ಳದೆ ಉಳಿದ ಹೆಸರು ಎಷ್ಟು?

ಹೆಸರು ಯಾಕೆ ಬೇಕು, ಬರೀ ಕೀರ್ತಿಯ ಆಸೆಯಲ್ಲವಾ ಅಂತ ಕೆಲವು ಹಿರಿಯರು ಕೇಳುತ್ತಾರೆ. ‘ಹೆಸ್ರು ಬರ್ಕಂಡು ಏನ್ ಮಾಡಾದು, ಹೊಟ್ಟೆ ತುಂಬ್ತದಾ?’ ಅಂತ ನಮ್ಮ ಜನವೂ ಕೇಳುತ್ತಾರೆ. ತುಂಬುತ್ತದೆ ಸ್ವಾಮಿ. ಕಾಯಿದೆಯಲ್ಲೇ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ 53ಎ ಎಂಬ ಕಲಮು ಸೇರಿತು. ಚಿತ್ರ, ಶಿಲ್ಪ, ರೇಖಾಚಿತ್ರಗಳ ಅಸಲಿ ಪ್ರತಿ ಮರುಮಾರಾಟವಾಗಿ ಹತ್ತು ಸಾವಿರ ರೂಪಾಯಿ ಮೀರಿದರೆ, ಆ ಹಣದಲ್ಲಿ ಮಾಡಿದವನಿಗೆ ಅಥವಾ ಅವನ ವಾರಸುದಾರರಿಗೆ ಪಾಲು ಉಂಟು. ಆ ಪಾಲು ನೂರಕ್ಕೆ ಹತ್ತನ್ನು ಮೀರುವಂತಿಲ್ಲ. ಕಮ್ಮಿಯೇ. ಆದರೂ ಹಕ್ಕು ಹಕ್ಕೇ. ಈ ಹಕ್ಕು ಯಾರಿಗೆ? ಕರ್ತೃ ಎಂದು ಹೆಸರಿದ್ದವನಿಗೆ. ಅನಾಮಿಕನಿಗೆ ವಾರಸುದಾರರಿಲ್ಲ. ಹೆಸರು ಅಳಿಸಿದ ಕೈ ಪಾಲನ್ನೂ ಅಳಿಸಿತು. ‘ಅನಾಮಿಕ’ ಅನ್ನುವುದು ಮರೆವಿನ ಮಾತಲ್ಲ, ವ್ಯಾಪಾರದ ಮಾತು.

ಇನ್ನೊಂದು ಮಾತು. ಅಸಲಿ ಚಿತ್ರವನ್ನು ಕೊಂಡವನು ಚಿತ್ರವನ್ನು ಮಾತ್ರ ಕೊಂಡ. ಅದನ್ನು ನಕಲು ಮಾಡಿ ಕಾಫಿ ಲೋಟ, ಟೀ ಶರಟು, ಕ್ಯಾಲೆಂಡರುಗಳ ಮೇಲೆ ಅಚ್ಚು ಹಾಕುವ ಹಕ್ಕು ಬರೆದವನಲ್ಲೇ ಉಳಿಯುತ್ತದೆ, ಅವನು ಕಾಗದದ ಮೇಲೆ ಬರೆದು ಕೊಡದಿದ್ದರೆ. ಇದು ಗೊತ್ತಿಲ್ಲದೆ ಸಹಿ ಹಾಕಿಕೊಟ್ಟವರು ಉಂಟು. ಭೌಗೋಳಿಕ ಗುರುತು ಇದೆಯಲ್ಲ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಸಿಕ್ಕಿದೆಯಲ್ಲ ಅನ್ನಬಹುದು. ಆ ಗುರುತು ಪರಂಪರೆಯ ಹೆಸರನ್ನು ಕಾಯುತ್ತದೆ. ಮರುಮಾರಾಟದ ಹಣದಲ್ಲಿ ಮಾಡಿದವನ ಮಕ್ಕಳಿಗೆ ಪಾಲು ಕೊಡಿಸುವುದಿಲ್ಲ.

ಹಾಗಾದರೆ ಫೋನು ಬಿಸಾಕಿ ಕೂರುವುದಾ? ಕೂಡದು. ಈ ಸಂತೆಯಲ್ಲಿ ‘ನೀನು ಯಾರ ಶಿಷ್ಯ?’ ಅಂತ ಕೇಳುವ ಗುರುಪೀಠವಿಲ್ಲ. ‘ನಿಮ್ಮ ಮನೆತನ ಯಾವುದು?’ ಅಂತ ಕೇಳುವ ಗ್ಯಾಲರಿಯ ಯಜಮಾನನಿಲ್ಲ. ಹೊರಕೆರೆದೇವಪುರದ ಹುಡುಗ ಬರೆದ ಅವ್ವನ ಚಿತ್ರವನ್ನು ದೂರದ ಯಾರೋ ನೋಡಿ ಮೆಚ್ಚಿ ಕೊಳ್ಳಬಹುದು ಅನ್ನುವುದು ಸುಳ್ಳಲ್ಲ. ಆ ಕಿಂಡಿಯನ್ನು ಮುಚ್ಚುವುದು ಬೇಡ, ಬಾಗಿಲು ಮಾಡಬೇಕು.

ಅದಕ್ಕೆ ನಾವು ಮಾಡಬೇಕಾದ್ದು ಇದೆ. ಚಿತ್ರದ ಹಿಂದೆ ಹೆಸರು, ಊರು, ವರ್ಷ, ಬಳಸಿದ ಬಣ್ಣ ಬರೆಯಬೇಕು, ಕನ್ನಡದಲ್ಲೇ. ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ಎಷ್ಟಕ್ಕೆ, ಯಾರಿಗೆ, ಯಾವತ್ತು ಕೊಟ್ಟೆವು ಎಂಬ ರಸೀದಿ ಇರಬೇಕು. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬಾರದು. ಗೊಂಬೆಯವರ ಬುಟ್ಟಿಯಲ್ಲಿ ಏನೇನಿದೆ ಎಂದು ಆ ಮನೆಯ ಓದಿದ ಮಕ್ಕಳು ಇವತ್ತೇ ಪಟ್ಟಿ ಮಾಡಬೇಕು.

ಸರ್ಕಾರ ಮಾಡಬೇಕಾದ್ದೂ ಇದೆ. ಲಲಿತಕಲಾ ಅಕಾಡೆಮಿ, ಜಾನಪದ ಅಕಾಡೆಮಿಗಳು ಶಾಲು ಹೊದಿಸುವುದರ ಜೊತೆಗೆ ಕನ್ನಡದಲ್ಲೇ ನಡೆಯುವ, ದಲ್ಲಾಳಿ ಪಾಲಿಲ್ಲದ ಒಂದು ಸಾರ್ವಜನಿಕ ಆನ್‌ಲೈನ್ ಸಂತೆ ಕಟ್ಟಲಿ. ತಾಲೂಕಿಗೊಂದು ಕಡೆ ಫೋಟೋ ತೆಗೆದು, ಪಾರ್ಸೆಲ್ ಕಟ್ಟಿ, ಕಾಗದ ತುಂಬಿಕೊಡುವ ಒಬ್ಬ ಮನುಷ್ಯ ಕೂರಲಿ. ಮಾಡಿದವರ ಹೆಸರು ಹುಡುಕದೆ ‘ಅನಾಮಿಕ’ ಅಂತ ಮಾರುವುದನ್ನು ಅಲ್ಲಿ ನಿಷೇಧಿಸಲಿ.

ಆಯದ ಕಾಲದಲ್ಲಿ ನಮ್ಮ ಕೈಗೆ ಬೆಲೆ ಇರಲಿಲ್ಲ. ಈಗ ಬೆಲೆ ಬಂದಿದೆ, ಕೈಯನ್ನು ಮಾತ್ರ ಬಿಟ್ಟಿದ್ದಾರೆ. ಅಸಲಿ ಬೇಕು ಅನ್ನುವವರು ಮಾಡಿದವರ ಹೆಸರು ಸಮೇತ ಕೊಳ್ಳಲಿ. ಹೆಸರು ಬೇಡ ಅನ್ನುವವರಿಗೆ ಅಸಲಿಯನ್ನು ಕೊಡುವುದು ಬೇಡ.